ಗೋದಲಿಗೆ ರಾಗಿ ಪೈರು

ಮಂಗಳೂರಿನ ಹಂಪನಕಟ್ಟೆಯಲ್ಲಿ ಕ್ರಿಸ್ಮಸ್ ನಕ್ಷತ್ರದ ಬೆಲೆ ಕೇಳಿ ಸುಮ್ನೆ ವಾಪಸ್ ಬಂದೆ. ಈ ಸಲದ ಕ್ರಿಸ್ಮಸ್ ಅಲಂಕಾರಕ್ಕೆ ನಮ್ಮ ಬಜೆಟ್ಟೇ 300 ರೂಪಾಯಿ! ಅಟ್ಟದಲ್ಲಿದ್ದ ಹಳೇ ಬಿದಿರಿನ ನಕ್ಷತ್ರಕ್ಕೆ ಹೊಸ ಕಾಗದ ಅಂಟಿಸಿದೆವು, ಮೈದಾ ಅಂಟು ಕಾಯಿಸಿ. ಕ್ರಿಸ್ಮಸ್ ಮರದ ಬದಲು ಒಂದು ಗಾಳಿಮರದ ಕೊಂಬೆ. ಆಯ್ತು.

ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯನ್ನು ಗೊಂಬೆಗಳಿಂದ ಜೋಡಿಸೋದು, ಆ ವಿಷಯದಲ್ಲಿ ಮಾತ್ರ ನನಗೆ ಸ್ವಲ್ಪ ಹಟ. ಹತ್ತು ದಿನದ ಹಿಂದೆ ತೆಂಗಿನ ಗೆರಟೆಗಳಲ್ಲಿ ಮಣ್ಣು ತುಂಬಿ ರಾಗಿ ಬಿತ್ತಿದ್ದೆ. ಈಗ ಬೆರಳುದ್ದ ಪೈರು ಎದ್ದಿದೆ, ಬೆಳಗ್ಗೆ ತುದಿಯಲ್ಲಿ ನೀರಹನಿ ಬೇರೆ. ಕಾಲು ಮುರಿದ ಕುರಿ ಗೊಂಬೆಯನ್ನು ಅದರೊಳಗೆ ಮಲಗಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ, ಅಲ್ವಾ?

ಚಿಕ್ಕವಳಿದ್ದಾಗ ಈ ಹಸಿರು, ಬೈಹುಲ್ಲು ನೋಡಿ ಬೆತ್ಲೆಹೇಮ್ ಅಂದರೆ ಮೂಡಬಿದ್ರೆ ಹತ್ತಿರದ ಯಾವುದೋ ಊರು ಅಂದುಕೊಂಡಿದ್ದೆ. ಈಗಲೂ ಪೂರ್ತಿ ಮನಸ್ಸಿನಿಂದ ಹೋಗಿಲ್ಲ. ಹಾಂ, ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳ ತಯಾರಿ, ಇನ್ನೂ ಶುರುವೇ ಆಗಿಲ್ಲ. ಎಣ್ಣೆ ಲೆಕ್ಕ ಬೇರೆ!