ಪ್ರಿಂಟ್ ಕೊಟ್ಟರೆ ರೀಸ್ಟಾರ್ಟ್

ಬೆಂಗಳೂರಿನ ಕಂಪ್ಯೂಟರ್ ಮಾರುಕಟ್ಟೆ ಎಸ್.ಪಿ. ರಸ್ತೆಯಿಂದ ಹಳೆಯ ಪಿಸಿಗಳ ಲಾಟ್ ಬಂದ ದಿನ ಹುಬ್ಬಳ್ಳಿಯ ನಮ್ಮ ಅಂಗಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬೆಂಗಳೂರಿನ ಯಾವುದೋ ಕಂಪನಿ ಹೊರಹಾಕಿದ ಬ್ರ್ಯಾಂಡೆಡ್ ಡೆಸ್ಕ್‌ಟಾಪ್‌ಗಳು ಅವು. ಹೆಚ್ಚಿನವು 2013–14ರ ಸರಕು, ನಾಲ್ಕನೇ ಜನರೇಶನ್ ಐ5. ಡಿಸ್ಕ್‌ಗಳನ್ನು ಅಲ್ಲಿಯೇ ಕಿತ್ತುಕೊಂಡಿರುತ್ತಾರೆ. ಒಂದರಲ್ಲಿ ರ‍್ಯಾಮ್ ಇಲ್ಲ, ಇನ್ನೊಂದರಲ್ಲಿ ಫ್ಯಾನ್ ಇಲ್ಲ, ಮತ್ತೊಂದರ ಸಾಕೆಟ್‌ನಲ್ಲಿ ಪಿನ್ ಬಾಗಿದೆ. ಮೂರನ್ನು ಬಿಚ್ಚಿ ಎರಡು ಮಾಡುವುದು ನಮ್ಮ ಕೆಲಸ. ಬ್ಲೋವರ್ ಹಿಡಿದು ಧೂಳು ಹಾರಿಸಬೇಕು, ರ‍್ಯಾಮ್‌ನ ಕಾಲುಗಳನ್ನು ರಬ್ಬರಿನಿಂದ ಉಜ್ಜಬೇಕು, ಪ್ರೊಸೆಸರಿನ ಮೇಲೆ ಒಣಗಿ ಪುಡಿಯಾದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಬೇಕು. ಮದರ್‌ಬೋರ್ಡಿಗೆ ಹೊಸ ಸೆಲ್, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ ಹಾಕಿದರೆ ಹತ್ತು ವರ್ಷದ ಯಂತ್ರವೂ ಮೈಕೊಡವಿ ಏಳುತ್ತದೆ. ವಿಂಡೋಸ್ 11 ಇವನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ಕಂಪನಿಗಳು ಹೊರಹಾಕುವುದಕ್ಕೆ ಅದೂ ಒಂದು ಕಾರಣ, ನಮ್ಮ ಹೊಟ್ಟೆ ತುಂಬುವುದಕ್ಕೂ.

ಹಳೆಯ ಭಾಗಗಳೆಂದರೆ ನನಗೆ ತಾತ್ಸಾರವಿಲ್ಲ. ಪ್ರೊಸೆಸರ್ ತಾನಾಗಿ ಸಾಯುವುದನ್ನು ನಾನು ನೋಡಿದ್ದು ಅಪರೂಪ. ರ‍್ಯಾಮ್ ರಾತ್ರಿಯಿಡೀ ಮೆಮ್‌ಟೆಸ್ಟ್‌ನಲ್ಲಿ ಒಂದೂ ಕೆಂಪು ಸಾಲು ತೋರಿಸದಿದ್ದರೆ ಧೈರ್ಯವಾಗಿ ಕೊಡಬಹುದು. ಹಾರ್ಡ್ ಡಿಸ್ಕ್ ಸಾಯುವ ಮುಂಚೆ ಎಷ್ಟೋ ಸಲ ಸುಳಿವು ಕೊಡುತ್ತದೆ. ಡಿಸ್ಕಿನ ಆರೋಗ್ಯ ಹೇಳುವ ಸ್ಮಾರ್ಟ್ ರಿಪೋರ್ಟಿನಲ್ಲಿ ಕೆಟ್ಟು ಬದಲಿಸಿದ, ಅಂದರೆ ರೀಅಲೊಕೇಟೆಡ್ ಸೆಕ್ಟರ್‌ಗಳು ಏರತೊಡಗಿದರೆ ಅದನ್ನು ಗುಜರಿಗೆ ಹಾಕಿದರಾಯಿತು. ಏನನ್ನೂ ಹೇಳದೆ ಕೂರುವುದು ಯಂತ್ರಕ್ಕೆ ಕರೆಂಟ್ ಹಂಚುವ ಪೆಟ್ಟಿಗೆ, ಎಸ್‌ಎಂಪಿಎಸ್. ಫ್ಯಾನ್ ತಿರುಗುತ್ತಿರುತ್ತದೆ, ಮೀಟರ್ ಹಿಡಿದರೆ 12 ವೋಲ್ಟ್ ಇದ್ದಂತೆಯೇ ಇರುತ್ತದೆ. “ಓಡುತ್ತಿದೆಯಲ್ಲ, ಓಡಲಿ ಬಿಡು” ಎನ್ನುವುದು ನಮ್ಮ ಮಾಲೀಕರ ಲೆಕ್ಕ. ನಾನೂ ತಲೆಯಾಡಿಸುತ್ತಿದ್ದೆ. 450 ವಾಟ್ ಎಂದು ಚೀಟಿ ಅಂಟಿಸಿದ, ಎತ್ತಿದರೆ ತೂಕವೇ ಇಲ್ಲದ ಅಗ್ಗದ ಮಾಲಿಗಿಂತ ಬ್ರ್ಯಾಂಡೆಡ್ ಪೆಟ್ಟಿಗೆಯೊಳಗಿನ 290 ವಾಟ್ ಎಷ್ಟೋ ಮೇಲು ಎಂದು ಗಿರಾಕಿಗಳಿಗೆ ಭಾಷಣವನ್ನೂ ಬಿಗಿಯುತ್ತಿದ್ದೆ. ಹೊಸದಾಗಿದ್ದಾಗ ಆ ಮಾತು ನಿಜವೇ.

ನವಲಗುಂದದ ಕಡೆಯ ಒಂದು ಸೇವಾ ಕೇಂದ್ರಕ್ಕೆ ಇಂಥದ್ದೇ ಪಿಸಿ ಕೊಟ್ಟಿದ್ದೆವು. ನಡೆಸುವವರು ಒಬ್ಬ ಅಕ್ಕ. ಅವರ ಹಳೆಯ ಕಂಪ್ಯೂಟರಿನ ಬೋರ್ಡ್ ಸುಟ್ಟಿತ್ತು, ಹೊಸದಕ್ಕೆ ಹಣವಿರಲಿಲ್ಲ. ಜುಲೈ ಕೊನೆಯ ವಾರ, ಬೆಳೆ ವಿಮೆ ನೋಂದಣಿಯ ಗಡಿಬಿಡಿ. ಅಂಥ ಹೊತ್ತಿನಲ್ಲಿ ಫೋನ್ ಬಂತು.

“ತಮ್ಮಾ, ಪ್ರಿಂಟ್ ಕೊಟ್ಟರೆ ನಿಮ್ಮ ಕಂಪ್ಯೂಟರ್ ತಾನೇ ಆಫ್ ಆಗಿ ಆನ್ ಆಗುತ್ತದೆ. ರೈತರು ರಸ್ತೆಯವರೆಗೆ ನಿಂತಿದ್ದಾರೆ.”

ಪ್ರಿಂಟ್ ಕೊಟ್ಟಾಗ ಮಾತ್ರ ಆಗುತ್ತದೆಯೇ ಎಂದು ಕೇಳಿದೆ. ಹೌದು ಎಂದರು. ಹಾಗಾದರೆ ಪ್ರಿಂಟರ್ ಡ್ರೈವರ್ ಎಂದು ತೀರ್ಪು ಕೊಟ್ಟೆ. ಅಂಗಡಿಯಿಂದಲೇ ಅವರ ಕಂಪ್ಯೂಟರಿಗೆ ರಿಮೋಟ್ ಹಾಕಿಕೊಂಡು ಡ್ರೈವರ್ ಕಿತ್ತು ಮತ್ತೆ ಹಾಕಿದೆ. ಟೆಸ್ಟ್ ಪೇಜ್ ಕೊಟ್ಟ ಕೂಡಲೇ ಸಂಪರ್ಕ ಕಡಿಯಿತು. ಇನ್ನೊಂದು ಡ್ರೈವರ್ ಹಾಕಿದೆ, ಮತ್ತೆ ಕಡಿಯಿತು. ಮಾಲೀಕರು ಪಕ್ಕದಲ್ಲೇ ನಿಂತು, “ಫೋನಿನಲ್ಲೇ ಮುಗಿಸು, ಹೋಗಿಬರುವ ಖರ್ಚು ಯಾರು ಕೊಡುತ್ತಾರೆ?” ಎನ್ನುತ್ತಿದ್ದರು. ಕೊನೆಗೆ ಬ್ಯಾಗಿನಲ್ಲಿ ಎರಡು ರ‍್ಯಾಮ್, ಒಂದು ಎಸ್‌ಎಂಪಿಎಸ್, ಬೂಟ್ ಪೆನ್‌ಡ್ರೈವ್ ತುಂಬಿಕೊಂಡು ಬಸ್ ಹತ್ತಿದೆ.

ಅಲ್ಲಿ ಹೋಗಿ ನೋಡಿದರೆ ಪಹಣಿ, ಆಧಾರ್, ಪಾಸ್‌ಬುಕ್ ಹಿಡಿದ ಜನ ಬಾಗಿಲಲ್ಲಿ ಕಿಕ್ಕಿರಿದಿದ್ದರು. ಹೆಸರು ಬಿತ್ತಿದವರು, ಹತ್ತಿ ಹಾಕಿದವರು, ಮೆಣಸಿನಕಾಯಿಯವರು. ಅಕ್ಕ ಅರ್ಜಿಯನ್ನೆಲ್ಲ ತುಂಬಿ ಸಲ್ಲಿಸುತ್ತಿದ್ದರು, ರಸೀದಿಗೆ ಪ್ರಿಂಟ್ ಒತ್ತುತ್ತಿದ್ದಂತೆ ಪರದೆ ಕಪ್ಪಾಗುತ್ತಿತ್ತು. ಮತ್ತೆ ಲಾಗಿನ್, ಮತ್ತೆ ಒಟಿಪಿ. ಯಾರೂ ಕೂಗಾಡಲಿಲ್ಲ. ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದರು, ಅದು ಕೂಗಾಟಕ್ಕಿಂತ ಕಷ್ಟ.

ಯುಎಸ್‌ಬಿ ಪೋರ್ಟ್ ಬದಲಿಸಿದೆ, ಕೇಬಲ್ ಬದಲಿಸಿದೆ, ರ‍್ಯಾಮ್ ಬದಲಿಸಿದೆ. ವಿಂಡೋಸ್‌ನ ದಾಖಲೆ ಪುಸ್ತಕವಾದ ಈವೆಂಟ್ ವ್ಯೂವರ್ ತೆರೆದರೆ ಕರ್ನಲ್-ಪವರ್ 41 ಸಾಲುಸಾಲಾಗಿ ಕಾಣಿಸಿತು. ಯಂತ್ರ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತು ಎಂದಷ್ಟೇ ಅದು ಹೇಳುತ್ತದೆ. ಹ್ಯಾಂಗ್ ಆದರೂ ಬರುತ್ತದೆ, ಪ್ಲಗ್ ಕಿತ್ತರೂ ಬರುತ್ತದೆ. ಎಲ್ಲದಕ್ಕೂ ಬರುವುದು ಯಾವುದಕ್ಕೂ ಸಾಕ್ಷಿಯಲ್ಲ ಎಂದು ಮುಚ್ಚಿಬಿಟ್ಟೆ. ವಿಂಡೋಸ್ ಕ್ರ್ಯಾಶ್ ಆಗಿದ್ದರೆ ಸಾಮಾನ್ಯವಾಗಿ ಅದರ ಜೊತೆ ಕಾರಣ ಸೂಚಿಸುವ ಒಂದು ಬಗ್‌ಚೆಕ್ ಕೋಡ್ ಇರುತ್ತದೆ. ಇಲ್ಲಿ ಪ್ರತಿ ಸಾಲಿನಲ್ಲೂ ಅದು ಸೊನ್ನೆ. ವಿಂಡೋಸ್‌ಗೆ ದೂರು ಬರೆಯಲೂ ಪುರಸೊತ್ತು ಸಿಕ್ಕಿರಲಿಲ್ಲ ಎಂದರ್ಥ. ಅದನ್ನು ಓದಲು ನನಗೂ ಪುರಸೊತ್ತಿರಲಿಲ್ಲ.

“ಫಾರ್ಮ್ಯಾಟ್ ಮಾಡಿಬಿಡೋಣ ಅಕ್ಕಾ, ಅರ್ಧ ಗಂಟೆ ಸಾಕು” ಎಂದೆ.

ಅಕ್ಕ ಗಡಿಯಾರ ನೋಡಿದರು, ಬಾಗಿಲ ಕಡೆ ನೋಡಿದರು, ತಲೆಯಾಡಿಸಿದರು. ಪ್ರಿಂಟರಿನ ಯುಎಸ್‌ಬಿ ಕೇಬಲ್ ಬಿಚ್ಚಿ, ಸುತ್ತಿ, ಮೇಜಿನ ಮೇಲಿಟ್ಟೆ. ಸಿ ಡ್ರೈವ್ ಅಳಿಸಿದೆ. ಫೈಲುಗಳು ಏರತೊಡಗಿದವು. ಇಪ್ಪತ್ತು, ಮೂವತ್ತು, ನಲವತ್ತು ಶೇಕಡಾ. ಅಷ್ಟರಲ್ಲಿ ಸರದಿಯಲ್ಲಿದ್ದ ಒಬ್ಬ ಅಜ್ಜ ಆಧಾರ್‌ನ ಜೆರಾಕ್ಸ್ ಕೇಳಿದರು. ಕೇಂದ್ರದ ಹುಡುಗ ಕಾರ್ಡನ್ನು ಗಾಜಿನ ಮೇಲಿಟ್ಟು ಕಾಪಿ ಗುಂಡಿ ಒತ್ತಿದ. ಪ್ರಿಂಟರ್ ಒಂದು ಸಲ ಗುಂಯ್ ಎಂದಿತು, ತಲೆಯ ಮೇಲಿನ ಟ್ಯೂಬ್‌ಲೈಟ್ ಮಿಣುಕಿತು, ಮಾನಿಟರ್ ಕಪ್ಪಾಯಿತು. ಮರುಕ್ಷಣ ಕಂಪನಿಯ ಲೋಗೋ.

ಕೇಬಲ್ ಮೇಜಿನ ಮೇಲೆಯೇ ಸುತ್ತಿಕೊಂಡು ಬಿದ್ದಿತ್ತು. ಪ್ರಿಂಟರಿಗೂ ಕಂಪ್ಯೂಟರಿಗೂ ಇದ್ದ ನಂಟು ಈಗ ಒಂದೇ, ಎರಡೂ ಚುಚ್ಚಿಕೊಂಡಿದ್ದ ಸ್ಪೈಕ್ ಬೋರ್ಡ್. ಡ್ರೈವರ್ ಇಲ್ಲ, ವಿಂಡೋಸ್ ಕೂಡ ಇಲ್ಲ. ಅದನ್ನು ನಾನೇ ಅಳಿಸಿ ಕೂತಿದ್ದೆ.

“ಇನ್ನೊಮ್ಮೆ ಒತ್ತಪ್ಪಾ” ಎಂದೆ ಹುಡುಗನಿಗೆ. ಲೈಟ್ ಮಿಣುಕಿತು, ಲೋಗೋ ಬಂತು.

“ಆ ಲೈಟ್ ಯಾವಾಗಲೂ ಹೀಗೆಯೇ, ಪ್ರಿಂಟರ್ ಶುರುವಾದಾಗ ಮಿಣುಕುತ್ತದೆ. ಹಳೆಯ ಕಂಪ್ಯೂಟರಿಗೆ ಏನೂ ಆಗುತ್ತಿರಲಿಲ್ಲ” ಎಂದರು ಅಕ್ಕ. ಫೋನಿನಲ್ಲಿ ನಾನು ಲೈಟಿನ ಬಗ್ಗೆ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಲೇಸರ್ ಪ್ರಿಂಟರಿನೊಳಗೆ ಟೋನರನ್ನು ಕಾಗದಕ್ಕೆ ಕರಗಿಸಿ ಅಂಟಿಸುವ ಫ್ಯೂಸರ್ ಇರುತ್ತದೆ. ಅದು ಸುಮಾರು 200 ಡಿಗ್ರಿಗೆ ಕಾಯಬೇಕು. ಕಾಯಿಸುವ ಹೀಟರ್ ಶುರುವಾಗುವಾಗ ಒಮ್ಮೆಲೇ ಬಹಳ ಕರೆಂಟ್ ಎಳೆಯುತ್ತದೆ. ಹಳೆಯ ತೆಳು ವೈರಿಂಗ್ ಇರುವ ಮಳಿಗೆಯಲ್ಲಿ ಆ ಗಳಿಗೆ ವೋಲ್ಟೇಜ್ ಕುಸಿಯುತ್ತದೆ. ಇಂಥ ಕುಸಿತವನ್ನು ತಡೆದುಕೊಳ್ಳಲೆಂದೇ ಎಸ್‌ಎಂಪಿಎಸ್‌ನಲ್ಲಿ ಒಂದು ದೊಡ್ಡ ಕೆಪ್ಯಾಸಿಟರ್ ಇರುತ್ತದೆ. ನಲ್ಲಿ ನೀರು ನಿಂತರೂ ಮಾಳಿಗೆಯ ಟ್ಯಾಂಕ್ ಸ್ವಲ್ಪ ಹೊತ್ತು ನಡೆಸಿದ ಹಾಗೆ. ಆ ಸ್ವಲ್ಪ ಹೊತ್ತು ಎಂದರೆ ಪೂರ್ತಿ ಲೋಡಿನಲ್ಲಿ ಸುಮಾರು 16 ಮಿಲಿಸೆಕೆಂಡ್. ನಮ್ಮ 50 ಹರ್ಟ್ಜ್ ವಿದ್ಯುತ್ತಿನ ಒಂದು ಸುತ್ತೇ 20 ಮಿಲಿಸೆಕೆಂಡ್ ಎಂದಮೇಲೆ ಅಂಚು ಎಷ್ಟು ಸಣ್ಣದೆಂದು ಗೊತ್ತಾಗುತ್ತದೆ. ವರ್ಷಗಟ್ಟಲೆ ಬಿಸಿಯಲ್ಲಿ ಬೆಂದ ಕೆಪ್ಯಾಸಿಟರ್ ಒಳಗೇ ಒಣಗುತ್ತದೆ, ಆ ಅಂಚೂ ಉಳಿಯುವುದಿಲ್ಲ.

ಇನ್ನೊಂದು ಸಂಗತಿ ನನ್ನನ್ನು ಚೆನ್ನಾಗಿ ಅಡ್ಡದಾರಿ ಹಿಡಿಸಿತ್ತು. ಹಿಂದಿನ ಕಂಪನಿಯ ಐಟಿ ವಿಭಾಗದವರು ಬೋರ್ಡಿನ ಮೂಲ ಸೆಟ್ಟಿಂಗ್‌ಗಳಿರುವ ಬಯಾಸ್‌ನಲ್ಲಿ ಎಸಿ ರಿಕವರಿಯನ್ನು ‘ಪವರ್ ಆನ್’ ಮಾಡಿಟ್ಟಿದ್ದರು. ಕರೆಂಟ್ ಹೋಗಿ ಬಂದರೆ ಯಂತ್ರ ತಾನೇ ಏಳಲಿ ಎಂದು. ಅದು ಇಲ್ಲದಿದ್ದರೆ ಯಂತ್ರ ಸುಮ್ಮನೆ ಆಫ್ ಆಗಿ ಬಿದ್ದಿರುತ್ತಿತ್ತು, ಪವರ್ ತೊಂದರೆ ಎಂದು ಫೋನಿನಲ್ಲೇ ಹೊಳೆಯುತ್ತಿತ್ತು. ತಾನೇ ಎದ್ದು ಕೂರುತ್ತಿದ್ದುದರಿಂದ ರೀಸ್ಟಾರ್ಟ್ ಎಂಬ ವೇಷ ಬಂತು. ಹಳೆಯ ಬೋರ್ಡಿನ ಜೊತೆ ಹಳೆಯವರ ಸೆಟ್ಟಿಂಗ್ ಕೂಡ ಬರುತ್ತದೆ. ಈಗ ಬಂದ ಕೂಡಲೇ ಬಯಾಸ್ ಡಿಫಾಲ್ಟ್‌ಗೆ ತಳ್ಳಿಯೇ ಮುಂದಿನ ಕೆಲಸ.

ಕಾರಣ ಸಿಕ್ಕಿತು, ಎಸ್‌ಎಂಪಿಎಸ್ ಬ್ಯಾಗಿನಲ್ಲಿದೆ, ಹತ್ತು ನಿಮಿಷದ ಕೆಲಸ ಎಂದುಕೊಂಡು ಕ್ಯಾಬಿನೆಟ್ ಬಿಚ್ಚಿದೆ. ನನ್ನದಕ್ಕೆ 24 ಪಿನ್ನಿನ ಪ್ಲಗ್, ಈ ಬೋರ್ಡಿಗೆ 8 ಪಿನ್ನಿನ, ಬ್ರ್ಯಾಂಡ್ ಕಂಪನಿಯವರದೇ ಕನೆಕ್ಟರ್. ಈ ಬೋರ್ಡನ್ನು ನಾನೇ ಜೋಡಿಸಿದ್ದೆ, ಕೈಯಾರೆ ಆ ಪ್ಲಗ್ ಚುಚ್ಚಿದ್ದೆ. ಆದರೂ ಹೊರಡುವಾಗ ಕೈಗೆ ಸಿಕ್ಕ ಡಬ್ಬಿ ತುಂಬಿಕೊಂಡಿದ್ದೆ. ಒಂದು ಕೈಯಲ್ಲಿ 24 ಪಿನ್ ಹಿಡಿದುಕೊಂಡು ನಾನು ಬೋರ್ಡನ್ನು ನೋಡುತ್ತ ಕೂತಾಗ ಹಿಂದಿನಿಂದ ಯಾರೋ, “ಆಯ್ತೇನ್ರೀ?” ಎಂದರು.

ಯುಪಿಎಸ್ ಇದೆಯೇ ಎಂದು ಕೇಳಿದೆ. ಇತ್ತು. ಬ್ಯಾಟರಿ ಸತ್ತು ವರ್ಷವಾಗಿ ಪ್ರಿಂಟರಿನ ಕೆಳಗೆ ಎತ್ತರಕ್ಕೆ ಇಟ್ಟಿದ್ದರು. ಕೊನೆಗೆ ದಾರಿ ತೋರಿಸಿದ್ದು ಕಾಪಿ ಒತ್ತಿದ ಹುಡುಗನೇ. “ಪಕ್ಕದ ದರ್ಜಿ ಅಂಗಡಿಗೆ ಬೇರೆ ಮೀಟರ್ ಇದೆ ಸರ್, ಅಲ್ಲಿಂದ ವೈರ್ ಎಳೆಯೋಣವೇ?” ಕಿಟಕಿಯಿಂದ ಎಕ್ಸ್‌ಟೆನ್ಶನ್ ಎಳೆದು ಪ್ರಿಂಟರನ್ನು ಮಾತ್ರ ಅದಕ್ಕೆ ಹಾಕಿದೆವು. ಕಾಪಿ ಒತ್ತಿದರೆ ಈ ಸಲ ದರ್ಜಿಯ ಬಲ್ಬ್ ಮಿಣುಕಿತು, ನಮ್ಮ ಪರದೆ ಅಲುಗಲಿಲ್ಲ. ವಿಂಡೋಸ್ ಮೊದಲಿನಿಂದ ಹಾಕಿ, ಬೆರಳಚ್ಚು ಯಂತ್ರದ ಡ್ರೈವರ್ ಮತ್ತು ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ನುಡಿ ಹಾಕಿ ಮುಗಿಸುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಅಕ್ಕ ರಾತ್ರಿಯವರೆಗೆ ರಸೀದಿ ಕೊಟ್ಟರು.

ಬೇಡವಾಗಿದ್ದ ಆ ಫಾರ್ಮ್ಯಾಟ್ ಸರದಿಯಲ್ಲಿದ್ದವರ ಅರ್ಧ ದಿನ ತಿಂದಿತು. ಬಿಲ್ಲಿನಲ್ಲಿ ಅದನ್ನು ಬರೆಯಲಿಲ್ಲ.

ಎಸ್.ಪಿ. ರಸ್ತೆಯಿಂದ 24ಕ್ಕೆ 8ರ ಕನ್ವರ್ಟರ್ ಕೇಬಲ್ ತರಿಸಿ ಹೊಸ ಎಸ್‌ಎಂಪಿಎಸ್ ಹಾಕಿದ್ದು ಆಮೇಲೆ. ಈ ಐ5 ಪ್ರೊಸೆಸರಿನ ಟಿಡಿಪಿ, ಅಂದರೆ ದುಡಿಯುವಾಗ ಹೊರಬೀಳುವ ಬಿಸಿಯ ಲೆಕ್ಕ, 84 ವಾಟ್, ಗ್ರಾಫಿಕ್ಸ್ ಕಾರ್ಡ್ ಇಲ್ಲ. ದೊಡ್ಡದೇನೂ ಬೇಕಿರಲಿಲ್ಲ, ಪ್ರಾಮಾಣಿಕವಾದದ್ದು ಸಾಕಿತ್ತು. ಹಳೆಯದನ್ನು ಅಂಗಡಿಯಲ್ಲಿ ಬಿಚ್ಚಿದೆ. (ಪ್ಲಗ್ ಕಿತ್ತ ಮೇಲೂ ಆ ಕೆಪ್ಯಾಸಿಟರಿನಲ್ಲಿ 300 ವೋಲ್ಟ್‌ಗಿಂತ ಹೆಚ್ಚು ನಿಂತಿರಬಹುದು. ಮನೆಯಲ್ಲಿ ಬಿಚ್ಚುವ ಉಸಾಬರಿ ಬೇಡ.) ಕೆಪ್ಯಾಸಿಟರಿನ ತಲೆ ಉಬ್ಬಿರಲಿಲ್ಲ, ಸೋರಿರಲಿಲ್ಲ, ನೋಡಲು ಲಕ್ಷಣವಾಗಿತ್ತು. ಮೀಟರಿನಲ್ಲಿ ಅಳೆದರೆ ಸಾಮರ್ಥ್ಯ ಅದರ ಮೈಮೇಲೆ ಬರೆದದ್ದರ ಅರ್ಧವೂ ಇರಲಿಲ್ಲ.

ಸ್ವಂತಕ್ಕೆ ಅಗ್ಗದ ಪಿಸಿ ಕಟ್ಟುವವರು ನನ್ನ ಬಳಿ ಮೊದಲು ಕೇಳುವುದು ಪ್ರೊಸೆಸರ್ ಯಾವುದು ಎಂದು. ನಾನು ಪ್ಲಗ್ ನೋಡಿ ಎನ್ನುತ್ತೇನೆ. ಬ್ರ್ಯಾಂಡೆಡ್ ಬೋರ್ಡುಗಳಲ್ಲಿ ಪವರ್ ಪ್ಲಗ್ ಬೇರೆ, ಮುಂಭಾಗದ ಸ್ವಿಚ್ಚಿನ ಕನೆಕ್ಟರ್ ಬೇರೆ, ಕೆಲವಕ್ಕೆ ಫ್ಯಾನ್ ಪಿನ್ ಕೂಡ ಬೇರೆ. ಪ್ರೊಸೆಸರ್ ಕೂರುವ ಸಾಕೆಟ್ಟಿನ ನಂಬರ್ ಒಂದೇ ಎಂದು ಕೊಳ್ಳುವವರದ್ದು ಇನ್ನೊಂದು ಗೋಳು. 1151 ಎಂದು ಆರು–ಏಳನೇ ಜನರೇಶನ್ ಬೋರ್ಡಿಗೂ ಬರೆದಿದೆ, ಎಂಟು–ಒಂಬತ್ತರದ್ದಕ್ಕೂ ಬರೆದಿದೆ. ಹಳೆಯದಕ್ಕೆ ಹೊಸ ಪ್ರೊಸೆಸರ್ ಹಾಕಿದರೆ ಕೂರುತ್ತದೆ, ಏಳುವುದಿಲ್ಲ. ಅಗ್ಗಕ್ಕೆ ಸಿಗುವ ಸರ್ವರ್ ರ‍್ಯಾಮ್, ರಿಜಿಸ್ಟರ್ಡ್ ಎಂಬುದು, ಸಾಮಾನ್ಯ ಡೆಸ್ಕ್‌ಟಾಪ್ ಬೋರ್ಡಿನಲ್ಲಿ ಕೆಲಸ ಮಾಡುವುದೇ ಇಲ್ಲ.

ಮಾಲೀಕರು ಜಾಬ್ ಶೀಟಿನಲ್ಲಿ ‘ಗಿರಾಕಿಯ ಕಡೆ ವೈರಿಂಗ್ ದೋಷ’ ಎಂದು ಬರೆದು ಹೊಸ ಎಸ್‌ಎಂಪಿಎಸ್‌ನ ಹಣವನ್ನು ಅಕ್ಕನಿಂದ ಪಡೆಯಲು ಹೊರಟಿದ್ದರು. ಅದೇ ವೈರಿನಲ್ಲಿ ಅವರ ಹಳೆಯ ಕಂಪ್ಯೂಟರ್ ಓಡುತ್ತಿತ್ತಲ್ಲ ಎಂದೆ. ಸ್ವಲ್ಪ ಹೊತ್ತು ಕ್ಯಾಲ್ಕ್ಯುಲೇಟರ್ ಒತ್ತಿ, ಅರ್ಧ ಅವರದು ಅರ್ಧ ನಮ್ಮದು ಎಂದರು. ಲಾಟ್ ಕೊಳ್ಳುವಾಗ ಎಸ್‌ಎಂಪಿಎಸ್‌ನ ಬೆಲೆಯನ್ನೂ ಸೇರಿಸಿ ಕೊಟೇಶನ್ ಕೊಡಿ ಎಂದರೆ, ಎದುರಿನ ಅಂಗಡಿಯವನು ಕಡಿಮೆಗೆ ಕೊಡುತ್ತಾನೆ ಎಂಬ ಹಳೆಯ ಹಾಡೇ ಇನ್ನೂ ನಡೆದಿದೆ.

ನಮ್ಮ ಬೆಂಚಿನಲ್ಲಿ ಆ ಯಂತ್ರ ರಾತ್ರಿಯಿಡೀ ಸ್ಟ್ರೆಸ್ ಟೆಸ್ಟ್ ದಾಟಿತ್ತು. ದಾಟದೆ ಏನು? ಬೆಂಚಿನ ಪ್ಲಗ್‌ಗಳೆಲ್ಲ ಆನ್‌ಲೈನ್ ಯುಪಿಎಸ್ ಮೇಲಿವೆ. ಅಲ್ಲಿ ವೋಲ್ಟೇಜ್ ಕುಸಿಯುವುದೇ ಇಲ್ಲ. ಈಗ ಗೋಡೆಯ ಸಾದಾ ಪ್ಲಗ್‌ನಿಂದ ಉದ್ದನೆಯ ತೆಳು ಎಕ್ಸ್‌ಟೆನ್ಶನ್ ಎಳೆದು, ಅದೇ ಎಕ್ಸ್‌ಟೆನ್ಶನ್ನಿಗೆ ಪಿಸಿಯನ್ನೂ ಗುಜರಿಗೆ ಬಂದ ದೊಡ್ಡ ಲೇಸರ್ ಪ್ರಿಂಟರನ್ನೂ ಚುಚ್ಚಿ, ಪ್ರಿಂಟರ್ ತಣ್ಣಗಾಗಲು ಬಿಟ್ಟು ಬಿಟ್ಟು ಕಾಪಿ ಒತ್ತುತ್ತೇನೆ. ಪ್ರತಿ ಲಾಟಿನಲ್ಲೂ ಒಂದೆರಡು ಬೀಳುತ್ತವೆ. ಟೋನರ್ ದಂಡ ಎಂದು ಮಾಲೀಕರು ಗೊಣಗಿದರು. ಗಾಜಿನ ಮೇಲೆ ಏನನ್ನೂ ಇಡದೆ ಖಾಲಿ ಹಾಳೆಯನ್ನೇ ಕಾಪಿ ಮಾಡುತ್ತೇನೆ, ಹೀಟರ್ ಕಾಯುತ್ತದೆ, ಟೋನರ್ ಹೋಗುವುದಿಲ್ಲ ಎಂದು ತೋರಿಸಿದೆ. ಈಗ ಕರೆಂಟ್ ಬಿಲ್ಲಿನ ಬಗ್ಗೆ ಗೊಣಗುತ್ತಾರೆ.