ಉಳಿದ ಉಲ್ಲನ್‌ನಲ್ಲಿ ಹೊದಿಕೆ: ಬಣ್ಣ ಹೊಂದಿಸುವುದು ಹೇಗೆ?

ಉಳಿದ ಉಲ್ಲನ್‌ನಿಂದ ನಾನು ಹೆಣೆದ ಕ್ರೋಶಾ ಹೊದಿಕೆ ನೋಡಿದವರೆಲ್ಲ ಕೇಳುವುದು ಒಂದೇ: "ಇಷ್ಟೊಂದು ಬಣ್ಣ ಹೇಗೆ ಹೊಂದಿಸ್ತೀರಿ?" ಮನೆಯಲ್ಲಿ ಚೀಲದ ತುಂಬ ಚಿಕ್ಕಪುಟ್ಟ ಉಂಡೆಗಳಿದ್ದರೂ ಈ ಭಯಕ್ಕೇ ಎಷ್ಟೋ ಜನ ಕಡ್ಡಿ ಹಿಡಿಯುವುದಿಲ್ಲ.

ಬಣ್ಣದ ಚಿಂತೆ ಆಮೇಲೆ. ಮೊದಲು ಎಳೆ ಯಾವುದರದ್ದು ಅಂತ ನೋಡಿ. ಕುರಿ ಉಣ್ಣೆ, ಅಕ್ರಿಲಿಕ್, ಹತ್ತಿ ಮೂರನ್ನೂ ಬೆರೆಸಿದರೆ ಮೊದಲ ಸಲ ಒಗೆದಾಗಲೇ ತೊಂದರೆ ಶುರು. ಬಿಸಿನೀರಲ್ಲಿ ತಿಕ್ಕಿದರೆ ಉಣ್ಣೆ ಕುಗ್ಗಿ ಗಟ್ಟಿಯಾಗುತ್ತದೆ. ಹತ್ತಿ ನೀರು ಕುಡಿದು ಭಾರಕ್ಕೆ ಜೋತು ಬೀಳುತ್ತದೆ. ಪಕ್ಕದ ಅಕ್ರಿಲಿಕ್ ಮಾತ್ರ ಇದ್ದ ಹಾಗೇ ಇರುತ್ತದೆ. ಆಮೇಲೆ ಹೊದಿಕೆ ಸೊಟ್ಟ ಆಗದೆ ಇನ್ನೇನು?

ಉಳಿದ ಉಂಡೆಗೆ ಲೇಬಲ್ ಎಲ್ಲಿರುತ್ತೆ, ಅಲ್ವಾ? ಸುಟ್ಟು ನೋಡುವುದೇ ಸುಲಭ. ಬೆರಳುದ್ದ ಎಳೆಯನ್ನು ಚಿಮಟದಲ್ಲಿ ಹಿಡಿದು, ಸಿಂಕ್ ಮೇಲೆ ಬೆಂಕಿಕಡ್ಡಿ ತೋರಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ. ಅಕ್ರಿಲಿಕ್ ಕರಗಿ, ತುದಿಯಲ್ಲಿ ಕಪ್ಪಗೆ ಗಂಟು ಕಟ್ಟುತ್ತದೆ. ಪೂರ್ತಿ ಆರುವ ತನಕ ಅದನ್ನು ಮುಟ್ಟಬೇಡಿ. ಹೀಗೆ ಬೇರೆ ಮಾಡಿದ ಮೇಲೆ ಒಂದು ಹೊದಿಕೆಗೆ ಒಂದೇ ಜಾತಿಯ ಎಳೆ ಬಳಸಿ. ನನ್ನ ಆಯ್ಕೆ ಅಕ್ರಿಲಿಕ್. ದಿನಬಳಕೆಯ ಹೊದಿಕೆಯನ್ನು ಮೆಷಿನ್‌ಗೆ ಹಾಕುವಂತಿರಬೇಕು.

ದಪ್ಪವೂ ಸಮ ಇರಬೇಕು. ತೆಳು ಎಳೆಗಳನ್ನು ಎರಡೆರಡು ಜೋಡಿಸಿ ಹೆಣೆದರೆ ದಪ್ಪ ಎಳೆಗೆ ಸರಿಹೋಗುತ್ತದೆ. ಚೌಕ ಮುಗಿದಾಗಲೆಲ್ಲ ಮೊದಲನೆಯದರ ಮೇಲಿಟ್ಟು ಅಳತೆ ನೋಡಿ.

ಚೌಕ ಅಂದರೆ ಗ್ರ್ಯಾನಿ ಸ್ಕ್ವೇರ್, ನಡುವಿನಿಂದ ಹೊರಕ್ಕೆ ಸುತ್ತು ಸುತ್ತಾಗಿ ಹೆಣೆಯುವ ತುಂಡು. ಇಂಥವನ್ನು ಜೋಡಿಸಿದರೇ ಹೊದಿಕೆ. 1885ರಲ್ಲೇ ಅಮೆರಿಕದ 'ಪ್ರೇರಿ ಫಾರ್ಮರ್' ಪತ್ರಿಕೆಯಲ್ಲಿ ಇಂಥ ಚೌಕದ ಮಾದರಿ ಅಚ್ಚಾಗಿತ್ತು. ಉಳಿಕೆ ಎಳೆಗೆ ಇದಕ್ಕಿಂತ ಒಳ್ಳೆಯ ವಿನ್ಯಾಸ ನಾನು ಕಂಡಿಲ್ಲ. ನಡುವಿನ ಸುತ್ತಿಗೆ ಎಳೆ ಸ್ವಲ್ಪವೇ ಸಾಕು, ಹೊರಕ್ಕೆ ಹೋದಂತೆ ಜಾಸ್ತಿ ಬೇಕು. ಹಾಗಾಗಿ ತೀರಾ ಚಿಕ್ಕ ಉಂಡೆಗಳು ನಡುವಿಗೆ, ದೊಡ್ಡವು ಹೊರಗೆ.

ಇನ್ನು ಬಣ್ಣ. ಉತ್ತರ ಕರ್ನಾಟಕದ ಕೌದಿ ನೋಡಿ. ಹಳೇ ಸೀರೆ, ಧೋತರ, ಅಂಗಿಯ ತುಂಡುಗಳು ಎಷ್ಟೇ ಬಗೆಯವಿದ್ದರೂ ಮೇಲೆ ಸಾಲಾಗಿ ಓಡುವ ಹೊಲಿಗೆ ಎಲ್ಲವನ್ನೂ ಒಂದು ಮಾಡುತ್ತದೆ. ನಮ್ಮ ಹೊದಿಕೆಯಲ್ಲಿ ಆ ಕೆಲಸ ಕೊನೆಯ ಸುತ್ತಿನದು. ಎಲ್ಲ ಚೌಕಕ್ಕೂ ಹೊರಸುತ್ತು ಒಂದೇ ಬಣ್ಣದಲ್ಲಿರಲಿ. ನಾನು ಕೆನೆಬಣ್ಣ ಹಾಕುತ್ತೇನೆ, ಕಡುನೀಲಿಯೂ ಚೆನ್ನ. ಒಳಗೆ ಗುಲಾಬಿ ಪಕ್ಕ ಗಿಳಿಹಸಿರು ಬಂದರೂ ಕಣ್ಣಿಗೆ ಚುಚ್ಚುವುದಿಲ್ಲ. ಇದೊಂದು ಬಣ್ಣವನ್ನು ಮಾತ್ರ ದುಡ್ಡು ಕೊಟ್ಟು, ಒಟ್ಟಿಗೇ ತನ್ನಿ. ಆಮೇಲೆ ತಂದರೆ ಬೇರೆ ಲಾಟ್, ಅಂದರೆ ಬೇರೆ ಸಲ ಬಣ್ಣ ಹಾಕಿದ್ದು ಬಂದು ಛಾಯೆ ಬದಲಾಗಬಹುದು.

ಎಳೆ ಬದಲಿಸುವಾಗ ಬರೀ ಗಂಟು ಹಾಕಿ ಕತ್ತರಿಸಬೇಡಿ, ಬಿಚ್ಚಿಕೊಳ್ಳುತ್ತದೆ. ಗೇಣುದ್ದ ತುದಿ ಬಿಟ್ಟು, ದಪ್ಪ ಸೂಜಿಯಲ್ಲಿ ಹಿಂದಕ್ಕೂ ಮುಂದಕ್ಕೂ ಎರಡು ಮೂರು ಸಲ ಪೋಣಿಸಿ. ಆಯಾ ಚೌಕದ್ದು ಆಗಲೇ ಮುಗಿಸಿ, ಕೊನೆಗೆ ಅಂತ ಕೂಡಿಡಬೇಡಿ.