ಸ್ಕ್ಯಾನ್ ನಾರ್ಮಲ್, ಮತ್ತೆ ಯಾಕೆ ಹೀಗಾಡ್ತಾರೆ?

ನಾನು ನರರೋಗ ವಿಭಾಗದಲ್ಲಿ ಕೆಲಸ ಮಾಡುವವಳು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಶುರುವಾಯಿತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ: "ಸಿಡಿಲು ಹೊಡೆದ್ರೂ ದೇವರ ದಯೆಯಿಂದ ಉಳಿದ್ರು. ಸ್ಕ್ಯಾನ್‌ನಲ್ಲಿ ಏನೂ ಇಲ್ಲ ಅಂದ್ರು. ಆದ್ರೆ ಈಗ ಬರೀ ಮರೆವು, ಸಿಡುಕು. ಸುಮ್ನೆ ನಾಟಕ ಮಾಡ್ತಿದ್ದಾರಾ?"

ಖಂಡಿತ ಅಲ್ಲ. ರಕ್ತ ಹೆಪ್ಪುಗಟ್ಟಿದ್ದರೆ, ಊತ ಇದ್ದರೆ ಸ್ಕ್ಯಾನ್ ತೋರಿಸುತ್ತದೆ. ಮಿದುಳು ಕೆಲಸ ಹೇಗೆ ಮಾಡುತ್ತಿದೆ ಅನ್ನುವುದು ಅದರಲ್ಲಿ ಕಾಣುವುದಿಲ್ಲ.

ಒಬ್ಬರು ದಿನಸಿ ಅಂಗಡಿಯವರು. ಯಾರ ಬಾಕಿ ಎಷ್ಟು ಅಂತ ಲೆಕ್ಕದ ಪುಸ್ತಕ ತೆರೆಯದೆ ಹೇಳುತ್ತಿದ್ದವರು. ಸಿಡಿಲು ಬಡಿದ ಮೇಲೆ, ಸಕ್ಕರೆ ತೂಗುವಾಗ ಪಕ್ಕದ ಗಿರಾಕಿ ಒಂದು ಮಾತಾಡಿಸಿದರೆ ಸಾಕು, ಎಷ್ಟು ತೂಗಬೇಕಿತ್ತು ಅನ್ನುವುದೇ ಮರೆತುಹೋಗುತ್ತಿತ್ತು. ಆಗ ಸಿಟ್ಟು ನೆತ್ತಿಗೇರುತ್ತಿತ್ತು. ಮನೆಯವರಿಗೆ ಕಂಡಿದ್ದು ಆ ಸಿಟ್ಟು ಮಾತ್ರ. ನಿದ್ದೆ ಕೆಡುವುದು, ತಲೆನೋವು, ಮಂಕು ಕವಿಯುವುದು ಇದೇ ಸಾಲಿನವು.

ಸಿಡಿಲು ಮೈಮೇಲೆ ಕ್ಷಣದಲ್ಲಿ ಹಾದುಹೋಗುತ್ತದೆ. ಕೆಲವರಿಗೆ ಕಾಲು ತಣ್ಣಗಾಗಿ, ನೀಲಿಗಟ್ಟಿ, ಅಲ್ಲಾಡದಂತಾಗುತ್ತದೆ. ಹೆಚ್ಚಾಗಿ ಕೆಲವೇ ಗಂಟೆಗಳಲ್ಲಿ ಸರಿಹೋಗುತ್ತದೆ. ಮನೆಯ 230 ವೋಲ್ಟ್ ಕರೆಂಟ್‌ನ ಕಥೆ ಬೇರೆ. ಅದು ಕೈಯ ಸ್ನಾಯುಗಳನ್ನು ಬಿಗಿದುಬಿಡುತ್ತದೆ, ಹಿಡಿದ ವೈರನ್ನು ಬಿಡಬೇಕೆಂದರೂ ಬಿಡಲಾಗುವುದಿಲ್ಲ. ಅಷ್ಟು ಹೊತ್ತೂ ಕರೆಂಟ್ ನರಗಳಲ್ಲಿ ಹರಿಯುತ್ತಲೇ ಇರುತ್ತದೆ. ಜೋಮು, ಉರಿ, ಶಕ್ತಿ ಕುಂದುವುದು ಎಷ್ಟೋ ಸಲ ವಾರ, ತಿಂಗಳು ಕಳೆದ ಮೇಲೆ ಶುರುವಾಗುತ್ತವೆ. ಗಾಯ ಒಣಗಿದ ಮೇಲೆ ಬಂದ ನೋವಿಗೂ ಶಾಕ್‌ಗೂ ಸಂಬಂಧ ಇಲ್ಲ ಅಂದುಕೊಳ್ಳಬೇಡಿ.

ಇನ್ನೊಂದು ಮಾತು, ಇದನ್ನು ಯಾರೂ ಕೇಳುವುದೇ ಇಲ್ಲ, ಅದೇ ನನಗೆ ಸಂಕಟ. ಸಿಡಿಲು ಬಡಿದಾಗ ನಿಂತ ಹೃದಯ ಕೆಲವೊಮ್ಮೆ ತಾನೇ ಮತ್ತೆ ಬಡಿಯುತ್ತದೆ. ಉಸಿರಾಟ ನಡೆಸುವ ಮಿದುಳಿನ ಭಾಗ ಚೇತರಿಸಿಕೊಳ್ಳಲು ಇನ್ನೂ ಹೊತ್ತು ಬೇಕು. ಅಷ್ಟರಲ್ಲಿ ಉಸಿರಿಲ್ಲದೆ ಹೃದಯ ಮತ್ತೆ ನಿಲ್ಲಬಹುದು. ಹಾಗಾಗಿ "ಹೋಗಿಬಿಟ್ರು" ಅಂತ ಕೈಬಿಡಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ, ಎದೆ ಒತ್ತಿ, ಗೊತ್ತಿದ್ದರೆ ಬಾಯಿಯಿಂದ ಉಸಿರು ಕೊಡಿ. ಅವರ ಮೈಯಲ್ಲಿ ಕರೆಂಟ್ ಉಳಿದಿರುವುದಿಲ್ಲ, ಧೈರ್ಯವಾಗಿ ಮುಟ್ಟಬಹುದು. ವೈರಿನ ಶಾಕ್ ಆದರೆ ಮಾತ್ರ ಮೊದಲು ಮೇನ್ ಆಫ್ ಮಾಡಿ.

ಈಗಾಗಲೇ ಮನೆಗೆ ಬಂದವರಿದ್ದರೆ, ಏನೇನು ಬದಲಾಗಿದೆ ಅಂತ ದಿನಾಂಕ ಹಾಕಿ ಬರೆದಿಡಿ. ನರರೋಗ ತಜ್ಞರ ಹತ್ತಿರ ಹೋಗುವಾಗ ಆ ಚೀಟಿ ತಗೊಂಡು ಹೋಗಿ, ನೆನಪು ಮತ್ತು ಗಮನದ ಪರೀಕ್ಷೆ ಮಾಡಿಸಬಹುದಾ ಅಂತ ಕೇಳಿ. ಕಿವಿ, ಕಣ್ಣನ್ನೂ ತೋರಿಸಿ. ಕಿವಿಯ ತಮಟೆ ಹರಿದಿರಬಹುದು, ಕಣ್ಣಿಗೆ ಪೊರೆ ತಡವಾಗಿ ಬರಬಹುದು.